ಬಾಗಿಲು ಮುಚ್ಚಿಸಿದವನು

ನಮ್ಮೂರಲ್ಲಿ ಹುಲ್ಲಿನ ಬಣವೆಯನ್ನ ಯಾರೂ ಮನೆಗೆ ತಾಗಿಸಿ ಒಟ್ಟೋದಿಲ್ಲ. ಮೇವು ತರೋಕೆ ದಿನಾ ಅಷ್ಟು ದೂರ ನಡೀಬೇಕು. ಚಿಕ್ಕವನಿದ್ದಾಗ, 'ಕೊಟ್ಟಿಗೆ ಪಕ್ಕದಲ್ಲೇ ಒಟ್ಟಿದ್ರೆ ಏನಾಗುತ್ತೆ?' ಅಂತ ಅಜ್ಜನನ್ನ ಕೇಳಿದ್ದೆ. 'ಏನೂ ಆಗಲ್ಲ, ಕಿಡಿ ಬೀಳೋ ತನಕ' ಅಂದಿದ್ರು.

ಜಟ್‌ಲೆಂಡ್ ಕದನದ ಬಗ್ಗೆ ಓದುವಾಗೆಲ್ಲ ನನಗೆ ಈ ಮಾತು ನೆನಪಾಗುತ್ತೆ.

1916ರ ಮೇ 31. ಉತ್ತರ ಸಮುದ್ರದಲ್ಲಿ ಬ್ರಿಟಿಷ್ ಮತ್ತು ಜರ್ಮನ್ ನೌಕಾಪಡೆಗಳು ಎದುರಾದವು. ಆ ಒಂದೇ ದಿನ ಬ್ರಿಟನ್ನಿನ ಇಂಡಿಫ್ಯಾಟಿಗಬಲ್, ಕ್ವೀನ್ ಮೇರಿ, ಇನ್‌ವಿನ್ಸಿಬಲ್ ಎಂಬ ಮೂರು ಬ್ಯಾಟಲ್‌ಕ್ರೂಸರ್‌ಗಳು ಸಿಡಿದು ಮುಳುಗಿದವು. ಸತ್ತವರು ಸುಮಾರು 3,300. ಇಂಡಿಫ್ಯಾಟಿಗಬಲ್‌ನಲ್ಲಿದ್ದ ಸಾವಿರಕ್ಕೂ ಹೆಚ್ಚು ಜನರಲ್ಲಿ ಉಳಿದದ್ದು ಬೆರಳೆಣಿಕೆಯಷ್ಟು ಜನ ಮಾತ್ರ.

ಕವಚ ತೆಳುವಾಗಿತ್ತು, ನಿಜ. ಆದರೆ ಅದಷ್ಟೇ ಅಲ್ಲ. ಹಡಗಿನ ದೊಡ್ಡ ಫಿರಂಗಿ ಒಬ್ಬನ ಕೈಯಲ್ಲಿ ನಡೆಯುವಂಥದ್ದಲ್ಲ. ತಳದ ಮದ್ದಿನ ಕೋಣೆಯಿಂದ ಮೇಲಿನ ಗೋಪುರದ ತನಕ ಹತ್ತಾರು ಜನರ ಸರಪಳಿ ಬೇಕು. ಗುಂಡು ಹಾರಿಸುವ ಕಾರ್ಡೈಟ್ ಮದ್ದು ರೇಷ್ಮೆ ಚೀಲಗಳಲ್ಲಿ ಇರುತ್ತಿತ್ತು. ಬೇಕಾದಾಗ ಮಾತ್ರ ಅದನ್ನ ಡಬ್ಬಿಯಿಂದ ತೆಗೀಬೇಕು, ಕೋಣೆಯ ಬಾಗಿಲು ಮುಚ್ಚಿರಬೇಕು. ಆದರೆ ಎಲ್ಲರಿಗೂ ವೇಗದ ಹುಚ್ಚು. ನಿಮಿಷಕ್ಕೆ ಇನ್ನೊಂದು ಗುಂಡು ಹೆಚ್ಚು ಹಾರಲಿ ಅಂತ ಬಾಗಿಲು ತೆರೆದೇ ಇಟ್ಟರು, ಚೀಲಗಳನ್ನ ದಾರಿಯುದ್ದಕ್ಕೂ ಪೇರಿಸಿದರು. ಗೋಪುರದಲ್ಲಿ ಹೊತ್ತಿದ ಬೆಂಕಿ ನೇರವಾಗಿ ಕೆಳಗಿಳಿಯಿತು.

ಜರ್ಮನ್ನರಿಗೆ ಈ ಪಾಠ ಮೊದಲೇ ಆಗಿತ್ತು. 1915ರ ಜನವರಿಯಲ್ಲಿ, ಡಾಗರ್ ಬ್ಯಾಂಕ್ ಕದನದಲ್ಲಿ, ಅವರ ಸೈಡ್ಲಿಟ್ಸ್ ಹಡಗಿನ ಎರಡು ಗೋಪುರಗಳು ಹೀಗೇ ಉರಿದು 150ಕ್ಕೂ ಹೆಚ್ಚು ಜನ ಸತ್ತರು. ಅವರು ಪದ್ಧತಿ ಬಿಗಿ ಮಾಡಿದರು. ಅದೇ ಕದನ ನೋಡಿದ ಬ್ರಿಟಿಷರು ಕಲಿತದ್ದು, 'ಇನ್ನೂ ಬೇಗ ಹಾರಿಸಬೇಕು' ಅಂತ!

ಆದರೆ ಬ್ರಿಟಿಷರ ಲಯನ್ ಉಳೀತು. ಅದೂ ಕ್ವೀನ್ ಮೇರಿಯೂ ಹೆಚ್ಚುಕಡಿಮೆ ಒಂದೇ ನಮೂನೆಯ ಹಡಗುಗಳು. ಲಯನ್‌ನ ನಡುಗೋಪುರಕ್ಕೂ ಗುಂಡು ಬಡಿಯಿತು. ಮೇಜರ್ ಫ್ರಾನ್ಸಿಸ್ ಹಾರ್ವೆ ಸಾಯುವ ಮೊದಲು ಮದ್ದಿನ ಕೋಣೆ ಮುಚ್ಚಿ ನೀರು ಬಿಡಿ ಅಂತ ಆಜ್ಞೆ ಕೊಟ್ಟರು. ಆಮೇಲೆ ಬೆಂಕಿ ಇಳಿದು ಕೆಳಗಿದ್ದವರನ್ನ ಕೊಂದಿತು, ಆದರೆ ಬಾಗಿಲು ತಡೆದುಕೊಂಡಿತು. ಹಾರ್ವೆಗೆ ಮರಣೋತ್ತರ ವಿಕ್ಟೋರಿಯಾ ಕ್ರಾಸ್ ಬಂತು.

ನನಗೆ ಇಷ್ಟವಾಗೋದು ಇನ್ನೊಬ್ಬ: ಅಲೆಕ್ಸಾಂಡರ್ ಗ್ರಾಂಟ್, ಲಯನ್‌ನ ಮುಖ್ಯ ಗನ್ನರ್. ಕದನಕ್ಕೆ ಎಷ್ಟೋ ಮೊದಲೇ ಆತ ಹಳೇ ನಿಯಮಗಳನ್ನ ಮತ್ತೆ ಜಾರಿಗೆ ತಂದಿದ್ದ. ಹೊರಗೆ ಹೆಚ್ಚು ಚೀಲ ಇಡಬಾರದು, ಬಾಗಿಲು ಸುಮ್ಮನೆ ತೆರೆದಿರಬಾರದು. ಗೊಣಗಿದವರಿಗೆ ಇದರಿಂದ ವೇಗ ಕಡಿಮೆಯಾಗಲ್ಲ ಅಂತ ಅಭ್ಯಾಸ ಮಾಡಿಸಿಯೇ ತೋರಿಸಿದ. ಹಾರ್ವೆಯ ಕೊನೆಯ ಆಜ್ಞೆ ಫಲಿಸಿದ್ದರ ಹಿಂದೆ ಈ ಬೋರಿಂಗ್ ಕೆಲಸ ಇದೆ.

ಈಚೆಗೆ ಒಂದು ರಿಲೀಸ್ ರಾತ್ರಿ, 'ಆ ಚೆಕ್ ಆಫ್ ಮಾಡಿಬಿಡು, ಬೇಗ ಹೋಗುತ್ತೆ' ಅಂದ್ರು. ಮಾಡಿದೆ. ಏನೂ ಆಗಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು.

ಏನೂ ಆಗಲಿಲ್ಲವಲ್ಲ, ಅದೇ ನನಗೆ ಭಯ.