ಕಾಂಟೆಸಾ ಬೇಕೋ, ಒನ್ ಏಟೀನ್ ಬೇಕೋ

ಸ್ಪೋರ್ಟ್ಸ್ ಕಾರು ಅಂದ್ರೆ ಏನು ಅಂತ ಕಾರಿನ ಹುಚ್ಚಿರುವ ಹತ್ತು ಮಂದಿಯನ್ನು ಕೇಳಿದರೆ ಹತ್ತು ಉತ್ತರ ಬರುತ್ತವೆ. ಹಳೇ ಕಾಲದವರ ಉತ್ತರ ಸರಳ: ಎಂಜಿನ್ ಮುಂದೆ, ಬಲ ಹಿಂದಿನ ಗಾಲಿಗೆ, ನಡುವೆ ಉದ್ದನೆಯ ಪ್ರೊಪೆಲ್ಲರ್ ಶಾಫ್ಟು, ಸ್ಟೇರಿಂಗ್ ಹಿಡಿದವನಿಗೆ ಖುಷಿ. ಈ ಲೆಕ್ಕದಲ್ಲಿ ಇಂಗ್ಲೆಂಡಿನವರಿಗೆ ಎಂಜಿ, ಟ್ರಯಂಫ್ ಇದ್ದವು. ಇಟಲಿಯವರಿಗೆ ಆಲ್ಫಾ, ಫಿಯಾಟ್ ಸ್ಪೈಡರ್. ನಮಗೆ? 1980ರ ದಶಕದಲ್ಲಿ ಶೋರೂಮಿಗೆ ಹೋಗಿ ಕೊಳ್ಳಬಹುದಾಗಿದ್ದ ಗಾಡಿಗಳಲ್ಲಿ ಈ ವರ್ಣನೆಯ ಹತ್ತಿರ ಬರೋವು, ನನ್ನ ಪ್ರಕಾರ, ಎರಡೇ: ಹಿಂದುಸ್ತಾನ್ ಮೋಟರ್ಸ್‌ನ ಕಾಂಟೆಸಾ, ಪ್ರೀಮಿಯರ್‌ನ 118 ಎನ್ಇ. ಎರಡೂ ನಾಲ್ಕು ಬಾಗಿಲಿನ ಸಂಸಾರಸ್ಥ ಗಾಡಿಗಳೇ. ಆದರೆ ಎರಡರ ಮನೆತನದಲ್ಲೂ ಓಟಗಾರರಿದ್ದರು.

ಎರಡು ತಿಂಗಳಿಂದ ಇವುಗಳಲ್ಲಿ ಒಂದನ್ನು ಕೊಳ್ಳುವ ಲೆಕ್ಕಾಚಾರ ನಡೆದಿದೆ. ಹುಬ್ಬಳ್ಳಿಯಲ್ಲಿ 1991ರ ಕಾಂಟೆಸಾ, ಬೆಳಗಾವಿಯಲ್ಲಿ 1989ರ ಒನ್ ಏಟೀನ್. ಬೆಲೆ ಹೆಚ್ಚುಕಡಿಮೆ ಒಂದೇ. ಗಜೇಂದ್ರಗಡದಲ್ಲಿ ಅಪ್ಪನಿಗೆ ಹೇಳಿದಾಗ ಬಂದ ಮಾತು: "ಅಷ್ಟ ರೊಕ್ಕದಾಗ ಒಂದ್ ಜೋಡಿ ಛಲೋ ಎತ್ತು ಬರ್ತಿದ್ವಲ್ಲೋ. ಅವು ಕೆಟ್ಟ ನಿಂದ್ರೂದಿಲ್ಲ." ಎಂಜಿನ್ ಮುಂದೆ ಇರಬೇಕು ಅನ್ನೋ ನನ್ನ ಷರತ್ತನ್ನು ಎತ್ತುಗಳೂ ಪೂರೈಸುತ್ತವೆ ಅನ್ನೋದು ನಿಜವೇ.

ಮೊದಲು ಒನ್ ಏಟೀನಿನ ಮನೆತನ. ಅದರಲ್ಲಿ ನಮ್ಮ ನಾಡಿನವರ ಕೈಯಿದೆ ಅನ್ನೋದು ಬಹಳ ಜನರಿಗೆ ಗೊತ್ತಿಲ್ಲ. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಯುರೋಪು, ಅಮೆರಿಕದ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದು, ಕಾರನ್ನು ಭಾರತದಲ್ಲೇ ತಯಾರಿಸುವ ಯೋಜನೆ ಸಿದ್ಧಪಡಿಸಿದರು. ಅದರ ಬೆನ್ನು ಹತ್ತಿದ ಉದ್ಯಮಿ ಸೊಲ್ಲಾಪುರದಲ್ಲಿ ಹುಟ್ಟಿದ ವಾಲಚಂದ್ ಹಿರಾಚಂದ್. ಬ್ರಿಟಿಷ್ ಸರ್ಕಾರ ಬೆಂಬಲ ಕೊಡಲಿಲ್ಲ. ಅದೇ ವಾಲಚಂದ್ 1940ರಲ್ಲಿ ಮೈಸೂರು ಸಂಸ್ಥಾನದ ಜತೆಗೂಡಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಕಟ್ಟಿದರು, ಅದೇ ಇಂದಿನ ಎಚ್‌ಎಎಲ್. ಅಂದ್ರೆ ವಿಮಾನ ಬೆಂಗಳೂರಿಗೆ ಬಂತು, ಕಾರು ಬಾಂಬೆಗೆ ಹೋಯಿತು. 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಹುಟ್ಟಿತು, ಕುರ್ಲಾದಲ್ಲಿ ಕಾರ್ಖಾನೆ ಎದ್ದಿತು. ಅದಕ್ಕೆ ಎರಡು ವರ್ಷ ಮೊದಲೇ, 1942ರಲ್ಲಿ, ಬಿರ್ಲಾ ಅವರು ಹಿಂದುಸ್ತಾನ್ ಮೋಟರ್ಸ್ ಶುರು ಮಾಡಿದ್ದರು. ಅದು ಆಮೇಲೆ ಕಲ್ಕತ್ತಾದ ಹತ್ತಿರದ ಉತ್ತರಪಾಡಾದಲ್ಲಿ ನೆಲೆ ನಿಂತಿತು.

ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರ ಹೊಸ ನಿಯಮ ಮಾಡಿತು: ಬಿಡಿಭಾಗ ತಂದು ಬರೀ ಜೋಡಿಸುವವರು ಬೇಡ, ಇಲ್ಲೇ ತಯಾರಿಸುವವರು ಮಾತ್ರ ಇರಲಿ. 1953ರ ಸುಮಾರಿಗೆ ಫೋರ್ಡ್, ಜನರಲ್ ಮೋಟರ್ಸ್ ಗಂಟು ಕಟ್ಟಿದವು. ಉಳಿದದ್ದು ಅಂಬಾಸಿಡರ್, ಫಿಯಾಟ್, ಮದ್ರಾಸಿನ ಸ್ಟ್ಯಾಂಡರ್ಡ್. ಮೂರು ದಶಕ ಇಷ್ಟೇ. ಬುಕ್ ಮಾಡಿ ವರ್ಷಗಟ್ಟಲೆ ಕಾಯೋದು. "ಯಾವ ಕಾರು ತಗೊಳ್ಳಲಿ" ಅನ್ನೋ ಪ್ರಶ್ನೆಯೇ ಆ ಕಾಲದಲ್ಲಿ ಇರಲಿಲ್ಲ, "ಯಾವಾಗ ಕೊಡ್ತಾರೆ" ಅನ್ನೋದೊಂದೇ ಇತ್ತು. ಹಾಗಾಗಿ ನಾನೀಗ ಎರಡು ಹಳೇ ಕಾರುಗಳ ನಡುವೆ ತೂಗಾಡ್ತಾ ಇರೋದನ್ನು ಅಂದಿನವರು ನೋಡಿದ್ದರೆ ನಕ್ಕಿರೋರು.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಹಳೇ ಕಂಪನಿಗಳಿಗೆ ಗಾಬರಿ. ಹೊಸ ಕಾರನ್ನು ಮೊದಲಿಂದ ವಿನ್ಯಾಸ ಮಾಡುವ ರೊಕ್ಕವೂ ಇಲ್ಲ, ವೇಳೆಯೂ ಇಲ್ಲ. ಎರಡೂ ಕಂಪನಿ ಮಾಡಿದ್ದು ಒಂದೇ ಕೆಲಸ: ಯುರೋಪಿನಲ್ಲಿ ಕಾಲ ಮುಗಿದ ಕಾರಿನ ವಿನ್ಯಾಸ ತರೋದು.

ಹಿಂದುಸ್ತಾನ್ ಮೋಟರ್ಸ್ ಇಂಗ್ಲೆಂಡಿನ ವಾಕ್ಸ್‌ಹಾಲ್ ಕಂಪನಿಯ, 1970ರ ದಶಕದ ದೊಡ್ಡ ಕಾರಿನ ಅಚ್ಚುಗಳನ್ನು ಕೊಂಡು, 1984ರಲ್ಲಿ ಕಾಂಟೆಸಾ ಅಂತ ಬಿಟ್ಟಿತು. ಆ ಕಾರಿಗೆ ತಾಯ್ನಾಡಿನಲ್ಲಿ ವಿಎಕ್ಸ್ 4/90 ಅನ್ನೋ ಚುರುಕಾದ ಅವತಾರ ಇತ್ತು. ನಮ್ಮ ಕಾಂಟೆಸಾಕ್ಕೆ ಹೊರಮೈ ಅಲ್ಲಿಂದ ಬಂತು, ಎಂಜಿನ್ ಮಾತ್ರ ಅಂಬಾಸಿಡರಿನದೇ, 1489 ಸಿಸಿ, ಸುಮಾರು 50 ಅಶ್ವಶಕ್ತಿ. ಅಷ್ಟು ದೊಡ್ಡ ಗಾಡಿಗೆ ಅಷ್ಟೇ! ಇವತ್ತು ಅದನ್ನು "ಇಂಡಿಯಾದ ಮಸಲ್ ಕಾರ್" ಅಂತ ಹೊಗಳುವವರಿಗೆ ಆ ಮೊದಲ ಕಾಂಟೆಸಾವನ್ನು ಒಮ್ಮೆ ಏರಿನಲ್ಲಿ ಓಡಿಸಲು ಕೊಡಬೇಕು. ಕೆಲವು ವರ್ಷ ಕಳೆದು ಜಪಾನಿನ ಇಸುಜು 1817 ಸಿಸಿ ಎಂಜಿನ್ನು, ಐದು ಗೇರಿನ ಪೆಟ್ಟಿಗೆ ಬಂದವು. ಅಶ್ವಶಕ್ತಿ 88ಕ್ಕೆ ಏರಿತು. ಕಾಂಟೆಸಾ ಕ್ಲಾಸಿಕ್ ಅನ್ನಿಸಿಕೊಂಡ ಆ ಗಾಡಿಗೆ ಮೈಗೆ ತಕ್ಕ ಜೀವ ಬಂದದ್ದು ಆಗ. ನಾನು ನೋಡಿರುವುದೂ ಅಂಥದ್ದೇ.

ಪ್ರೀಮಿಯರ್ ತಂದದ್ದು ಫಿಯಾಟ್ 124ರ ಮೈ. ಈ 124 ಜಗತ್ತು ಸುತ್ತಿದ ಕಾರು. 1967ರಲ್ಲಿ ಯುರೋಪಿನ ವರ್ಷದ ಕಾರು ಆಯಿತು. 1970ರಲ್ಲಿ ಸೋವಿಯತ್ ರಷ್ಯಾದವರು ಇದನ್ನೇ ಗಟ್ಟಿ ಮಾಡಿಕೊಂಡು ಲಾಡಾ ಕಾರುಗಳ ವಂಶ ಶುರು ಮಾಡಿದರು. ಇದೇ ಮನೆತನದ 124 ಸ್ಪೋರ್ಟ್ ಸ್ಪೈಡರ್ 1972ರಲ್ಲಿ ಯುರೋಪಿನ ರ‍್ಯಾಲಿ ಚಾಂಪಿಯನ್‌ಶಿಪ್ ಗೆದ್ದಿತು. ಪ್ರೀಮಿಯರ್ ಆ ಮೈಯೊಳಗೆ ನಿಸಾನ್ ಕಂಪನಿಯ 1171 ಸಿಸಿ ಎಂಜಿನ್ ಕೂರಿಸಿ 1985ರಲ್ಲಿ ಬಿಟ್ಟಿತು. ಹೆಸರಿನಲ್ಲಿರೋ ಎನ್ಇ ಅಂದ್ರೆ ನಿಸಾನ್ ಎಂಜಿನ್. 52 ಅಶ್ವಶಕ್ತಿ. ಸಣ್ಣ ಎಂಜಿನ್ನು, ಸಣ್ಣ ಗಾಡಿ, ಆದರೂ ಮೊದಲ ಕಾಂಟೆಸಾಕ್ಕಿಂತ ಒಂದು ಕೈ ಹೆಚ್ಚೇ.

ಇಟಲಿಯ ಮೈ, ಜಪಾನಿನ ಗುಂಡಿಗೆ, ಕುರ್ಲಾದ ವೆಲ್ಡಿಂಗು. ತುಕ್ಕು ಹಿಡಿಯೋದು ಈ ಮೂರನೆಯದರಲ್ಲಿ.

1990ರ ದಶಕದ ಗಜೇಂದ್ರಗಡದಲ್ಲಿ ಕಾಂಟೆಸಾ ಬಂತೆಂದರೆ ಯಾರೋ ದೊಡ್ಡವರು ಬಂದರು ಅಂತ ಅರ್ಥ. ಇಲೆಕ್ಷನ್ ಹೊತ್ತಿನಲ್ಲಿ, ಇಲ್ಲಾ ಕಾಲಕಾಲೇಶ್ವರನ ಜಾತ್ರೆಗೆ. ಬಿಳಿ ಕಾಂಟೆಸಾ, ಕಪ್ಪು ಗಾಜು. ನಾವು ಹುಡುಗರು ಧೂಳು ಕುಡಿಯುತ್ತಾ ಹಿಂದೆ ಓಡುತ್ತಿದ್ದೆವು. ಆಗ ನಮ್ಮೂರು ಧಾರವಾಡ ಜಿಲ್ಲೆಯಲ್ಲೇ ಇತ್ತು, ಗದಗ ಜಿಲ್ಲೆಯಾದದ್ದು 1997ರಲ್ಲಿ. ಹುಬ್ಬಳ್ಳಿಯ ಕಾಂಟೆಸಾ ಮೇಲೆ ಕೆಎ-25 ಅಂತ ನೋಡಿದ ಕೂಡಲೇ ಕೈ ಪರ್ಸಿಗೆ ಹೋದದ್ದು ಅದಕ್ಕೇ. ಒನ್ ಏಟೀನ್ ಹಿಂದೆ ಯಾರೂ ಓಡಲಿಲ್ಲ. ಅದು ಬಂದರೆ ಪದ್ಮಿನಿಯ ತಮ್ಮ ಬಂದ ಅಂದುಕೊಂಡು ಗೋಲಿ ಆಡೋದು ಮುಂದುವರಿಸುತ್ತಿದ್ದೆವು.

ಓಡಿಸಿ ನೋಡಿದಾಗ ಲೆಕ್ಕ ತಿರುವುಮುರುವು. ಕಾಂಟೆಸಾ ಹೈವೇಯಲ್ಲಿ ರಾಜ. ಮೆತ್ತಗೆ, ತೇಲಿಕೊಂಡು ಹೋಗುತ್ತದೆ. ತಿರುವು ಬಂದಾಗ ಮಾತ್ರ ಗಾಡಿಗೆ ಮೊದಲೇ ಅರ್ಜಿ ಹಾಕಬೇಕು. ಉದ್ದ ನಾಲ್ಕೂವರೆ ಮೀಟರಿಗಿಂತ ಹೆಚ್ಚು. ನಮ್ಮ ಓಣಿಯೊಳಗೆ ಒಂದು ಸಲ ಹೊಕ್ಕರೆ ರಿವರ್ಸಿನಲ್ಲೇ ಹೊರಗೆ ಬರಬೇಕು, ಅದೂ ಯಾರೂ ಎಮ್ಮೆ ಕಟ್ಟಿರದಿದ್ದರೆ. ಒನ್ ಏಟೀನ್ ನಾಲ್ಕು ಮೀಟರಿನ ಆಸುಪಾಸು. ಹಗುರ. ಎರಡನೇ ಗೇರಿನಲ್ಲಿ ತಿರುವಿನ ನಡುವೆ ಪೆಟ್ರೋಲ್ ಒತ್ತಿದರೆ ಹಿಂದಿನ ಗಾಲಿಗಳು ಬೆನ್ನು ತಟ್ಟಿ ಮುಂದೆ ದೂಡುತ್ತವೆ. ಹಳೇ ಕಾಲದವರು ಹೇಳುವ ಸುಖ ಇದೇ ಇರಬೇಕು ಅನ್ನಿಸಿತು.

ಆದರೆ ಸುಖ ಒಂದೇ ನೋಡಿದರೆ ಆಗೋದಿಲ್ಲ. 2022ರ ಏಪ್ರಿಲಿನಲ್ಲಿ ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತು. ಅದೂ ಐದೈದು ವರ್ಷಕ್ಕೊಮ್ಮೆ, ಗಾಡಿ ಪರೀಕ್ಷೆಯಲ್ಲಿ ಪಾಸಾದರೆ. ವಿಂಟೇಜ್ ಅಂತ ಮಾನ್ಯತೆ ಸಿಗೋದು ಐವತ್ತು ವರ್ಷ ತುಂಬಿದ ಮೇಲೆ. ಒನ್ ಏಟೀನಿಗೆ 2039, ಕಾಂಟೆಸಾಕ್ಕೆ 2041. ಅಲ್ಲೀತನಕ ಅವು ಪಿತ್ರಾರ್ಜಿತವೂ ಅಲ್ಲ, ಪುರಾತನವೂ ಅಲ್ಲ, ಬರೀ ಹಳೇ ಗಾಡಿ. ಇನ್ನು ಈಗಿನ ಪೆಟ್ರೋಲಿನಲ್ಲಿ 20 ಪಾಲು ಎಥನಾಲ್. ಅದು ಹಳೇ ರಬ್ಬರನ್ನು ತಿನ್ನುತ್ತದೆ. ಯಾವುದನ್ನು ಕೊಂಡರೂ ಮೊದಲ ವಾರವೇ ಇಂಧನದ ಪೈಪುಗಳನ್ನೆಲ್ಲ ಬದಲಿಸಬೇಕು, ಕಾರ್ಬ್ಯುರೇಟರ್ ಬಿಚ್ಚಬೇಕು.

ನಮ್ಮೂರಿನ ಮಿಸ್ತ್ರಿಯೊಬ್ಬರು ಅಂಬಾಸಿಡರ್ ಕಾಲದಿಂದ ಸ್ಪ್ಯಾನರ್ ಹಿಡಿದವರು. ಎರಡರ ಫೋಟೋ ತೋರಿಸಿದೆ. ಎಂಜಿನ್ ಬಗ್ಗೆ ಕೇಳಲೇ ಇಲ್ಲ ಅವರು. "ಎಂಜಿನ್ ಹೆಂಗಾರ ಮಾಡೂಣು ತಮ್ಮಾ. ಇಸುಜು ಅಂಬಾಸಿಡರಿಗೂ ಬಂದಿತ್ತು, ಸಾಮಾನು ಸಿಗ್ತಾವು. ಮುಂದಿನ ಗ್ಲಾಸ್ ಒಡದ್ರ ಏನ್ ಮಾಡ್ತಿ? ಬಾಗಿಲದ ರಬ್ಬರ್ ಎಲ್ಲಿಂದ ತರ್ತಿ?"

ಮಾತು ಖರೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎರಡು ಶನಿವಾರ ಅಡ್ಡಾಡಿದೆ. ಕಾಂಟೆಸಾ ಸಾಮಾನು ಕೇಳಿದರೆ ಅಂಗಡಿಯವರು ಮೇಲಿನ ಅಟ್ಟ ನೋಡುತ್ತಾರೆ, ಒನ್ ಏಟೀನ್ ಅಂದರೆ ನನ್ನ ಮುಖ ನೋಡುತ್ತಾರೆ. ಸಾಮಾನಿನ ಲೆಕ್ಕದಲ್ಲಿ ಕಾಂಟೆಸಾ ಗೆದ್ದಿತು. 2002ರ ತನಕ ಬಂದ ಗಾಡಿ, ಪ್ರೇಮಿಗಳೂ ಜಾಸ್ತಿ, ನಾಳೆ ಮಾರಿದರೂ ರೊಕ್ಕ ವಾಪಸ್ ಬರುತ್ತದೆ.

ಇಷ್ಟಾದರೂ ನಾನು ಅಡ್ವಾನ್ಸ್ ಕೊಟ್ಟದ್ದು ಒನ್ ಏಟೀನಿಗೆ. ಕಾಂಟೆಸಾದಲ್ಲಿ ಹಿಂದಿನ ಸೀಟಿನಲ್ಲಿ ಕೂತವನು ಸಾಹೇಬ, ಒನ್ ಏಟೀನಿನಲ್ಲಿ ಓಡಿಸುವವನೇ. ನಾನು ಕೊಳ್ಳುತ್ತಿರುವುದು ಓಡಿಸಲಿಕ್ಕೆ. 1787ರಲ್ಲಿ ಮರಾಠರಿಗೂ ಟಿಪ್ಪುವಿಗೂ ಆದ ಒಪ್ಪಂದಕ್ಕೆ ನಮ್ಮೂರಿನ ಹೆಸರೇ ಇದೆ, ಹಾಗಾಗಿ ಚೌಕಾಶಿಯಲ್ಲಿ ಊರಿನ ಮಾನ ಉಳಿಸಬೇಕಾಗಿತ್ತು. ಬೆಳಗಾವಿಯವರು ಎಂಟು ಸಾವಿರ ಇಳಿಸಿದರು, ಜತೆಗೆ ಇನ್ನೊಂದು ಹಳೇ ಗಾಡಿಯಿಂದ ಬಿಚ್ಚಿಟ್ಟಿದ್ದ ಮುಂದಿನ ಗ್ಲಾಸನ್ನೂ ಕೊಟ್ಟರು. ಮಿಸ್ತ್ರಿಗೆ ಫೋನ್ ಮಾಡಿ ಹೇಳಿದೆ. "ರಬ್ಬರ್?" ಅಂದರು.