ಈಸೋಪನ ಭಾಷೆ: ಸಾಲ್ತಿಕೋವ್-ಶ್ಚೆದ್ರಿನ್ ಮತ್ತು ರಷ್ಯದ ಸೆನ್ಸಾರು

ಹತ್ತೊಂಬತ್ತನೆಯ ಶತಮಾನದ ರಷ್ಯದಲ್ಲಿ ಆಳುವವರನ್ನು ಕುರಿತು ನೇರವಾಗಿ ಬರೆಯುವ ಅವಕಾಶ ಇರಲಿಲ್ಲವಾದ್ದರಿಂದ, ಹೇಳಬೇಕಾದುದನ್ನು ಪ್ರಾಣಿಕಥೆ, ಹುಸಿ ಚರಿತ್ರೆ, ಅಡ್ಡಹೆಸರು, ಶ್ಲೇಷೆಗಳ ಒಳಗಿಟ್ಟು ಹೇಳುವ ಒಂದು ಬರವಣಿಗೆಯ ಕ್ರಮವೇ ಅಲ್ಲಿ ಬೆಳೆದು ನಿಂತಿತು. ಗುಲಾಮನಾಗಿದ್ದನೆಂದು ಪ್ರತೀತಿಯಿರುವ ಗ್ರೀಕ್ ಕಥೆಗಾರನ ಹೆಸರಿನಿಂದ ಇದನ್ನು 'ಈಸೋಪನ ಭಾಷೆ' ಎಂದು ಕರೆದು, ಆ ಮಾತನ್ನು ಬಳಕೆಗೆ ತಂದವನು ಶ್ಚೆದ್ರಿನ್ ಎಂಬ ಕಾವ್ಯನಾಮದ ಮಿಖಾಯಿಲ್ ಸಾಲ್ತಿಕೋವ್ (1826–1889). ನಮ್ಮ ಅಲಂಕಾರಶಾಸ್ತ್ರ ಹೇಳುವ ವ್ಯಾಜಸ್ತುತಿ, ಅಂದರೆ ಹೊಗಳುವಂತೆ ತೋರುತ್ತ ತೆಗಳುವ ಕ್ರಮ, ಇದಕ್ಕೆ ಹತ್ತಿರದ್ದೇ; ಆದರೆ ಆಲಂಕಾರಿಕರು ಅಲ್ಲಿ ಚಮತ್ಕಾರವನ್ನು ಕಂಡರೆ, ಸಾಲ್ತಿಕೋವನಿಗೆ ಅದು ಬರೆದದ್ದು ಅಚ್ಚಿಗೆ ಹೋಗಲು ಉಳಿದಿದ್ದ ದಾರಿಯಾಗಿತ್ತು.

ಈ ದಾರಿ ಎಷ್ಟು ಇಕ್ಕಟ್ಟಿನದು ಎಂಬುದು ಹಿಂದಿನ ತಲೆಮಾರಿಗೂ ಗೊತ್ತಿತ್ತು. ಸತ್ತ ಮೇಲೂ ತೆರಿಗೆಯ ಜನಗಣತಿಯ ಪಟ್ಟಿಯಲ್ಲಿ ಉಳಿದುಹೋದ ಜೀತದ ರೈತರನ್ನು ಕೊಳ್ಳುವ ಚಿಚಿಕೋವನ ಕಥೆಯನ್ನು ಗೊಗೊಲ್ 'ಸತ್ತ ಆತ್ಮಗಳು' ಎಂಬ ಹೆಸರಿನಲ್ಲಿ ಮಾಸ್ಕೋದ ಸೆನ್ಸಾರ್ ಸಮಿತಿಗೆ ಒಪ್ಪಿಸಿದಾಗ, ಆತ್ಮಕ್ಕೆ ಸಾವಿಲ್ಲ ಎಂಬ ಕಾರಣಕ್ಕೆ ಶೀರ್ಷಿಕೆಯೇ ಆಕ್ಷೇಪಕ್ಕೆ ಗುರಿಯಾಯಿತೆಂದು ಅವನು ಪತ್ರವೊಂದರಲ್ಲಿ ಬರೆದಿದ್ದಾನೆ. 1842ರಲ್ಲಿ ಪುಸ್ತಕ ಹೊರಬಂದದ್ದು 'ಚಿಚಿಕೋವನ ಸಾಹಸಗಳು' ಎಂಬ ಮಾತನ್ನು ಮುಂದೆ ಸೇರಿಸಿಕೊಂಡು.

ಸಾಲ್ತಿಕೋವ್ ಈ ಪಾಠವನ್ನು ಶಿಕ್ಷೆಯ ಮೂಲಕ ಕಲಿತನು. ಫ್ರಾನ್ಸಿನ ಕ್ರಾಂತಿಯಿಂದ ಜಾರ್ ಸರ್ಕಾರ ಬೆದರಿದ್ದ 1848ರಲ್ಲಿ, ಕಥೆಯೊಂದನ್ನು ಬರೆದ ತಪ್ಪಿಗೆ ಅವನನ್ನು ದೂರದ ವ್ಯಾತ್ಕಾ ಪಟ್ಟಣಕ್ಕೆ ಕಳುಹಿಸಲಾಯಿತು. 1855ರವರೆಗೆ ಅಲ್ಲಿಯ ಗವರ್ನರ್ ಕಚೇರಿಯಲ್ಲಿ ದುಡಿದು, ಮುಂದೆ ರ್‍ಯಾಜಾನ್ ಮತ್ತು ತ್ವೆರ್ ಪ್ರಾಂತಗಳ ಉಪ ಗವರ್ನರನೂ ಆದ ಅವನಿಗೆ ಸುತ್ತೋಲೆ, ವರದಿ, ನಿಯಮಾವಳಿಗಳ ಭಾಷೆ ಒಳಗಿನಿಂದ ಕರಗತವಾಯಿತು. ಅಧಿಕಾರದ ಭಾಷೆಯಲ್ಲೇ ಅಧಿಕಾರವನ್ನು ವಿಡಂಬಿಸುವ ಅವನ ಶಕ್ತಿಯ ಬೇರು ಇರುವುದು ಇಲ್ಲಿ.

1865ರ ಸೆನ್ಸಾರ್ ನಿಯಮಗಳು ರಾಜಧಾನಿಗಳೆರಡರ ಪತ್ರಿಕೆಗಳಿಗೂ ಹತ್ತು ಫಾರಂಗಿಂತ ಕಡಿಮೆಯಿಲ್ಲದ ಸ್ವತಂತ್ರ ಕೃತಿಗಳಿಗೂ ಅಚ್ಚಿಗೆ ಮೊದಲಿನ ತಪಾಸಣೆಯಿಂದ ವಿನಾಯಿತಿ ಕೊಟ್ಟವು. ಅದರ ಬದಲಿಗೆ ಎಚ್ಚರಿಕೆಗಳ ಪದ್ಧತಿ ಬಂದು, ಮೂರನೆಯ ಎಚ್ಚರಿಕೆಯೊಂದಿಗೆ ಪತ್ರಿಕೆಯನ್ನು ತಡೆಹಿಡಿಯುವ ಅಧಿಕಾರ ಸರ್ಕಾರಕ್ಕೆ ದೊರೆಯಿತು. ಮೇಲುನೋಟಕ್ಕೆ ಸಡಿಲವಾಗಿ ಕಂಡರೂ, ಯಾವ ಸಾಲು ಅಪಾಯ ತರುವುದೆಂಬ ಲೆಕ್ಕಾಚಾರವನ್ನು ಈ ಪದ್ಧತಿ ಸಂಪಾದಕನ ತಲೆಗೇ ಕಟ್ಟಿತು. ಅದರ ಅಡಿಯಲ್ಲೇ 'ಅತೆಚೆಸ್ತ್ವೆನ್ನಿಯೆ ಜಾಪಿಸ್ಕಿ' ಎಂಬ ಮಾಸಪತ್ರಿಕೆಯಲ್ಲಿ 1869–70ರಲ್ಲಿ ಸಾಲ್ತಿಕೋವನ ಮೇರುಕೃತಿ 'ಒಂದು ಊರಿನ ಇತಿಹಾಸ' ಬೆಳಕು ಕಂಡಿತು.

ಊರಿನ ದಫ್ತರದಲ್ಲಿ ಸಿಕ್ಕ ಹಳೆಯ ಕಡತಗಳನ್ನು ತಾನು ಪ್ರಕಟಿಸುತ್ತಿರುವುದಾಗಿ ಹೇಳಿಕೊಳ್ಳುವ ಈ ಕೃತಿ, 1731ರಿಂದ 1825ರವರೆಗೆ 'ಗ್ಲುಪೋವ್' ಊರನ್ನಾಳಿದ ನಗರಾಧಿಪರ ಚರಿತ್ರೆ. ಊರಿನ ಹೆಸರೇ ದಡ್ಡ ಎಂಬ ಅರ್ಥದ ರಷ್ಯನ್ ಪದದಿಂದ ಹುಟ್ಟಿದ್ದು. ಒಬ್ಬ ಅಧಿಪನ ತಲೆಯೊಳಗೆ ಮೆದುಳಿನ ಬದಲು ಸಂಗೀತದ ಯಂತ್ರವಿದೆ, ಅದು ನುಡಿಯಬಲ್ಲದ್ದು ಹಾಳುಮಾಡುವ ಮತ್ತು ಸಹಿಸದಿರುವ ಎರಡು ಬೆದರಿಕೆಗಳನ್ನು ಮಾತ್ರ. ಇನ್ನೊಬ್ಬನ ಹೆಸರು ಬೆನೆವೊಲೆನ್ಸ್ಕಿ. ಒಂದನೆಯ ಅಲೆಕ್ಸಾಂದರ್ ಚಕ್ರವರ್ತಿಯ ಕಾಲದ ಪ್ರಸಿದ್ಧ ಕಾನೂನುಕಾರ ಸ್ಪೆರಾನ್ಸ್ಕಿಯ ಹೆಸರು ಭರವಸೆ ಎಂಬ ಲ್ಯಾಟಿನ್ ಮೂಲದ್ದಾದರೆ ಇವನದು ಹಿತೈಷಿ ಎಂಬ ಲ್ಯಾಟಿನ್ ಮೂಲದ್ದು. ಇಬ್ಬರಿಗೂ ಕಾನೂನು ಬರೆಯುವ ಹಂಬಲ. ಕಡುಬು ಬೇಯಿಸುವ ಬಗೆಗೆ ಇವನು ರಚಿಸುವ ಶಾಸನ ಮಣ್ಣಿನಿಂದ ಕಡುಬು ಮಾಡುವುದನ್ನು ನಿಷೇಧಿಸಿ, ಬೆಂದ ಕಡುಬಿನ ನಡುಭಾಗವನ್ನು ಕೊಯ್ದು ಕಾಣಿಕೆಯಾಗಿ ತಂದೊಪ್ಪಿಸಬೇಕೆಂದು ವಿಧಿಸುತ್ತದೆ. ಊರನ್ನೆಲ್ಲ ಕೆಡವಿ ದಂಡಿನ ಶಿಸ್ತಿನಲ್ಲಿ ಮತ್ತೆ ಕಟ್ಟಹೊರಡುವ ಉಗ್ರ್ಯೂಮ್-ಬುರ್ಚೇಯೆವನ ಹೆಸರಿನ ಕೊನೆಯಲ್ಲಿ, ಸೈನಿಕ ವಸಾಹತುಗಳಿಂದ ಕುಖ್ಯಾತನಾದ ಅರಾಕ್ಚೇಯೆವನ ಹೆಸರು ಕೇಳಿಸದ ರಷ್ಯನ್ ಓದುಗನಿರಲಿಲ್ಲ.

ಇಂಥ ಶ್ಲೇಷೆಯನ್ನು ಬರಿಯ ಮುಸುಕು ಎಂದು ಎಣಿಸಿದರೆ ಅದರ ಬಲ ಅರ್ಧ ಮಾತ್ರ ಅರ್ಥವಾದಂತೆ. ಆಕ್ಷೇಪಿಸಬೇಕಾದ ಅಧಿಕಾರಿ ಮೊದಲು ಕಥೆಯ ಮೂರ್ಖ ಅಧಿಪನಲ್ಲಿ ಇಂಥ ಮಂತ್ರಿಯ ಹೋಲಿಕೆ ತನಗೆ ಕಂಡಿತೆಂದು ಕಡತದಲ್ಲಿ ಬರೆಯಬೇಕು. ಹಾಗೆ ಬರೆದ ಕ್ಷಣವೇ ವಿಡಂಬನೆ ನಿಜವೆಂದು ಒಪ್ಪಿದವನು ಅವನೇ ಆಗುತ್ತಾನೆ. ಸೆನ್ಸಾರನ್ನು ಅವನದೇ ಕರ್ತವ್ಯದಲ್ಲಿ ಸಿಕ್ಕಿಸಿದ ಈ ಕೌಶಲ ವಿಶ್ವದ ಹಾಸ್ಯಸಾಹಿತ್ಯದಲ್ಲಿ ವಿರಳವಾದದ್ದು. ಆದರೂ ಸಾಲ್ತಿಕೋವ್ ಇದನ್ನು ಗುಲಾಮನ ರೀತಿ ಎಂದು ಕರೆದು, ತಾನು ಸೆನ್ಸಾರ್ ಇಲಾಖೆಯ ಶಿಷ್ಯನೆಂದು ನೋವಿನಿಂದಲೇ ಹೇಳಿಕೊಂಡನು. ನೋವಿಗೆ ಕಾರಣವೂ ಇತ್ತು. 1871ರಲ್ಲಿ ವಿಮರ್ಶಕ ಸುವೋರಿನ್ ಈ ಕೃತಿಯನ್ನು ಗತಕಾಲದ ವಿಡಂಬನೆಯೆಂದು ಓದಿ, ಜನರನ್ನೇ ಅಣಕಿಸಿದ ಆರೋಪ ಹೊರಿಸಿದಾಗ, ತನ್ನ ಗುರಿ ವರ್ತಮಾನವೇ ಎಂದು ಲೇಖಕ ವಿವರಣೆ ಬರೆಯಬೇಕಾಯಿತು. ಕೃತಿಯ ಕೊನೆಯಲ್ಲಿ ಊರಿನ ಮೇಲೆರಗುವ, 'ಅದು' ಎಂದಷ್ಟೇ ಕರೆಯಲಾಗುವ ಶಕ್ತಿ ಕ್ರಾಂತಿಯೋ, ಇನ್ನೂ ಕ್ರೂರವಾದ ದಮನವೋ ಎಂಬುದರಲ್ಲಿ ವಿದ್ವಾಂಸರಿಗೆ ಇಂದಿಗೂ ಒಮ್ಮತವಿಲ್ಲ.

1882ರ ನಿಯಮಗಳು ಯಾವುದೇ ಪತ್ರಿಕೆಯನ್ನು ಶಾಶ್ವತವಾಗಿ ಮುಚ್ಚುವ ಅಧಿಕಾರವನ್ನು ಮೂವರು ಮಂತ್ರಿಗಳು ಮತ್ತು ಚರ್ಚಿನ ಆಡಳಿತದ ಮುಖ್ಯಸ್ಥನಿಗೆ ಒಟ್ಟಾಗಿ ಕೊಟ್ಟವು. 1884ರ ಏಪ್ರಿಲ್‌ನಲ್ಲಿ, ಸಾಲ್ತಿಕೋವನ ಸಂಪಾದಕತ್ವದಲ್ಲಿದ್ದ 'ಅತೆಚೆಸ್ತ್ವೆನ್ನಿಯೆ ಜಾಪಿಸ್ಕಿ' ಅದಕ್ಕೆ ಬಲಿಯಾಯಿತು. ಆ ವರ್ಷಗಳಲ್ಲಿ ಅವನು ಬರೆಯುತ್ತಿದ್ದ ಪ್ರಾಣಿಕಥೆಗಳಲ್ಲಿ, ಸಿಂಹರಾಜ ಕಾಡಿಗೆ ಅಧಿಪತಿಯಾಗಿ ಕಳುಹಿಸುವ ಕರಡಿಗಳ ಕಥೆಯೂ ಒಂದು. ಅದಕ್ಕೆ ಸೆನ್ಸಾರಿನ ಒಪ್ಪಿಗೆ ಅವನ ಜೀವಿತಕಾಲದಲ್ಲಿ ದೊರೆಯಲೇ ಇಲ್ಲ. ಅಂಟಿನ ಪದರದ ಮೇಲೆ ಶಾಯಿಯ ಬರಹವನ್ನು ಒತ್ತಿ ಪ್ರತಿ ತೆಗೆಯುವ ಹೆಕ್ಟೋಗ್ರಾಫ್ ಸಾಧನದಿಂದ ಓದುಗರೇ ಗುಟ್ಟಾಗಿ ಪ್ರತಿಗಳನ್ನು ಮಾಡಿ ಹಂಚಿದರು; ರಷ್ಯದಲ್ಲಿ ಅದು ಬಹಿರಂಗವಾಗಿ ಅಚ್ಚಾದದ್ದು 1905ರ ಕ್ರಾಂತಿಯ ನಂತರ.