ನೆರೆ ಇಳಿದ ಮೇಲೆ ಉಳಿದದ್ದು

ಕೋಲ್ಕತ್ತೆಯ ರಾಜಾಬಜಾರಿನಲ್ಲಿರುವ ಸೈನ್ಸ್ ಕಾಲೇಜು ಕಲ್ಕತ್ತಾ ವಿಶ್ವವಿದ್ಯಾನಿಲಯದ ಹೆಮ್ಮೆಯ ಅಂಗ. 1922ರಲ್ಲಿ ಉತ್ತರ ಬಂಗಾಳದ ರಾಜಶಾಹಿ, ಬೋಗ್ರಾ ಜಿಲ್ಲೆಗಳು ಭೀಕರ ನೆರೆಗೆ ಸಿಕ್ಕಿದಾಗ ಇದೇ ಕಟ್ಟಡ ಪರಿಹಾರ ಕಾರ್ಯದ ಕೇಂದ್ರವಾಯಿತು. ವಿಶ್ವವಿದ್ಯಾನಿಲಯದ ಲೋಕಸೇವೆಗೂ ಅದರ ಮೂಲ ಧ್ಯೇಯಕ್ಕೂ ಇರಬೇಕಾದ ನಂಟನ್ನು ಅರಿಯಲು ಆ ವರ್ಷದ ಕಥೆ ನಮಗೆ ನೆರವಾಗುತ್ತದೆ.

1857ರ ಜನವರಿ 24ರಂದು ಸ್ಥಾಪನೆಯಾದ ಈ ವಿಶ್ವವಿದ್ಯಾನಿಲಯ ಲಂಡನ್ ವಿಶ್ವವಿದ್ಯಾನಿಲಯದ ಮಾದರಿಯದು. ಪರೀಕ್ಷೆ ನಡೆಸುವುದು, ಪದವಿ ಕೊಡುವುದು, ಇವಿಷ್ಟೇ ಅದರ ಕೆಲಸ. ಅಂಥ ಸಂಸ್ಥೆಗೆ ನಾಡಿನ ಕಷ್ಟಸುಖಗಳೊಡನೆ ವ್ಯವಹರಿಸುವ ಅಗತ್ಯವೇ ಇರಲಿಲ್ಲ. 1904ರ ಕಾಯಿದೆ ಬೋಧನೆಗೆ ಅವಕಾಶ ಕೊಟ್ಟಿತು. 1906ರಲ್ಲಿ ಕುಲಪತಿಗಳಾದ ಆಶುತೋಷ್ ಮುಖರ್ಜಿಯವರು ಆ ಅವಕಾಶವನ್ನು ಪೂರ್ಣವಾಗಿ ಬಳಸಿಕೊಂಡರು. ತಾರಕನಾಥ್ ಪಾಲಿತ್, ರಾಸಬಿಹಾರಿ ಘೋಷ್ ಅವರ ದಾನದಿಂದ 1914ರಲ್ಲಿ ಸೈನ್ಸ್ ಕಾಲೇಜಿಗೆ ಅಡಿಗಲ್ಲು ಬಿತ್ತು. 1919ರಲ್ಲಿ ಭಾರತೀಯ ಭಾಷೆಗಳಿಗೆ ಎಂ.ಎ. ತರಗತಿ ದೊರೆಯಿತು. ಧ್ಯೇಯ ಹಿಗ್ಗಿದಾಗ ಮಾತ್ರ ಸೇವೆಗೆ ಜಾಗ ಸಿಕ್ಕಿತೆಂಬುದನ್ನು ನಾವು ಗಮನಿಸಬೇಕು.

1922ರ ನೆರೆಗೆ ಕಲ್ಕತ್ತೆಯ ವಿದ್ವಾಂಸರಿಂದ ಎರಡು ಉತ್ತರಗಳು ಬಂದವು. ಮೊದಲನೆಯದು ರಸಾಯನಶಾಸ್ತ್ರದ ಪ್ರಾಧ್ಯಾಪಕ ಪ್ರಫುಲ್ಲಚಂದ್ರ ರಾಯ್ ಅವರದು. ಹಿಂದಿನ ವರ್ಷವಷ್ಟೇ ಖುಲ್ನಾದ ಕ್ಷಾಮಪೀಡಿತರಿಗಾಗಿ ದುಡಿದಿದ್ದ ಅವರು ಈಗ ಬಂಗಾಳ ಪರಿಹಾರ ಸಮಿತಿಯ ಹೊಣೆ ಹೊತ್ತರು. ಪ್ರಯೋಗಶಾಲೆಯ ಪಕ್ಕದಲ್ಲಿ ಅಕ್ಕಿ, ಬಟ್ಟೆಗಳ ರಾಶಿ ಬೆಳೆಯಿತು, ವಿದ್ಯಾರ್ಥಿಗಳು ಸ್ವಯಂಸೇವಕರಾದರು. ಈ ಸೇವೆ ಉದಾತ್ತವಾದದ್ದು. ಹಸಿದವನಿಗೆ ಆ ಹೊತ್ತಿನಲ್ಲಿ ಅನ್ನಕ್ಕಿಂತ ದೊಡ್ಡದು ಯಾವುದೂ ಇಲ್ಲ. ಆದರೆ ಅದು ನಿಂತದ್ದು ಒಬ್ಬ ಮಹನೀಯರ ವ್ಯಕ್ತಿತ್ವದ ಮೇಲೆ.

ಎರಡನೆಯ ಉತ್ತರ ಪ್ರೆಸಿಡೆನ್ಸಿ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕ ಪ್ರಶಾಂತಚಂದ್ರ ಮಹಲನೋಬಿಸ್ ಅವರದು. ನೆರೆ ತಡೆಯಲು ಭಾರಿ ವೆಚ್ಚದ ಜಲಾಶಯಗಳನ್ನು ಕಟ್ಟಬೇಕೆಂಬುದು ಎಂಜಿನಿಯರುಗಳ ಸಲಹೆ. ಮಹಲನೋಬಿಸ್ ಸುಮಾರು 50 ವರ್ಷಗಳ ಮಳೆ ಮತ್ತು ನೆರೆಗಳ ಲೆಕ್ಕವನ್ನು ತೂಗಿ ನೋಡಿ, ಅವುಗಳಿಂದ ಪ್ರಯೋಜನವಿಲ್ಲ, ನೀರು ಬೇಗ ಹರಿದುಹೋಗುವ ದಾರಿ ಬೇಕು ಎಂದು ತೋರಿಸಿದರು. ಈ ಮನೋಧರ್ಮವೇ 1931ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಾಗಿ ರೂಪು ತಳೆಯಿತು. 1943ರ ಮಹಾಕ್ಷಾಮದ ಬಳಿಕ ಹಳ್ಳಿಗಳಿಗೆ ಹೋಗಿ ಅದರ ಪರಿಣಾಮಗಳ ಮಾದರಿ ಸಮೀಕ್ಷೆ ನಡೆಸಿದ್ದು ಅದೇ ಸಂಸ್ಥೆ. ಪರಿಹಾರ ಕಾರ್ಯದಲ್ಲಿ ರಾಯ್ ಅವರ ಜೊತೆಗಿದ್ದ ಶಿಷ್ಯ ಮೇಘನಾದ ಸಾಹಾ ಕೂಡ ನದಿಗಳ ಸಮಸ್ಯೆಯನ್ನು ಜೀವನವಿಡೀ ಬಿಡಲಿಲ್ಲ. 1948ರ ದಾಮೋದರ ಕಣಿವೆ ನಿಗಮದ ಹಿಂದೆ ಅವರ ಚಿಂತನೆಯಿದೆ. ಸೇವೆ ವಿದ್ವತ್ತಿನ ಸ್ವಂತ ಪ್ರಶ್ನೆಯಾದಲ್ಲಿ ನೆರೆ ಇಳಿದ ಮೇಲೂ ಕೆಲಸ ನಿಲ್ಲಲಿಲ್ಲ.

ಮಹಲನೋಬಿಸ್ ಅವರನ್ನು ಸಂಖ್ಯಾಶಾಸ್ತ್ರದತ್ತ ತಿರುಗಿಸಿದವರಲ್ಲಿ ತತ್ವಶಾಸ್ತ್ರಜ್ಞ ಬ್ರಜೇಂದ್ರನಾಥ್ ಸೀಲರು ಪ್ರಮುಖರು. ವಿಶ್ವವಿದ್ಯಾನಿಲಯದ ಪರೀಕ್ಷಾ ಫಲಿತಾಂಶಗಳನ್ನು ವಿಶ್ಲೇಷಿಸಲು ಅವರೇ ಹೇಳಿದ್ದರು. ಪರೀಕ್ಷೆಗೆಂದೇ ಹುಟ್ಟಿದ ಸಂಸ್ಥೆಯ ಅಂಕಪಟ್ಟಿಗಳೂ ಹೀಗೆ ಸಾರ್ಥಕವಾದವು. ಕನ್ನಡಿಗರಾದ ನಮಗೆ ಸೀಲರು ಪರಕೀಯರಲ್ಲ. 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ ಅವರು 1920ರ ದಶಕದಲ್ಲಿ ದುಡಿದರು. ಅದರ ಮೊದಲ ಘಟಿಕೋತ್ಸವ ಭಾಷಣವನ್ನು 1918ರಲ್ಲಿ ಮಾಡಿದವರು ಆಶುತೋಷ್ ಮುಖರ್ಜಿ. ಮುಂದೆ ಮೈಸೂರಿನ ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸಗಳನ್ನು ನೀಡಿದರು. ಅವು ಕಿರುಹೊತ್ತಗೆಗಳಾಗಿ ಅಚ್ಚಾದವು. ಶಾಸ್ತ್ರವಿಷಯವನ್ನು ರೈತನಿಗೆ ತಿಳಿಯುವಂತೆ ಹೇಳಲು ಹೊರಟವನಿಗೆ ಪದಗಳ ಅಭಾವ ಒಡನೆಯೇ ಕಾಣುತ್ತದೆ. ಜನರಿಗೆಂದು ಮಾಡಿದ ಕೆಲಸ ಹೀಗೆ ಭಾಷೆಯನ್ನೂ ಪಾಂಡಿತ್ಯವನ್ನೂ ಬೆಳೆಸಿತು.

1969ರಲ್ಲಿ 37 ವಿಶ್ವವಿದ್ಯಾನಿಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಆರಂಭವಾಯಿತು. 1977ರಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ಬೋಧನೆ, ಸಂಶೋಧನೆಗಳ ಸಾಲಿನಲ್ಲಿ ವಿಸ್ತರಣೆಯನ್ನು ಮೂರನೆಯ ಕರ್ತವ್ಯವೆಂದು ಸಾರಿತು. ಆದರೂ ಎಷ್ಟೋ ಕಡೆ ಅದು ಶಿಬಿರ, ಸಸಿ ನೆಡುವಿಕೆ, ಭಾವಚಿತ್ರ, ವರದಿಗಳ ಅಂಚಿನ ಕಲಾಪವಾಗಿ ಉಳಿದಿದೆ. ಸರ್ಕಾರಿ ಕಡತಗಳ ನಡುವೆ ಬದುಕುವ ನಮಗೆ ಗುರಿ ಮುಟ್ಟಿದ ವರದಿಗೂ ನಡೆದ ಕೆಲಸಕ್ಕೂ ಇರುವ ಅಂತರ ಹೊಸದಲ್ಲ. ಶಿಬಿರ ಎಷ್ಟು ದಿನ ನಡೆಯಿತು ಎಂದು ಕೇಳುವುದರ ಜೊತೆಗೆ, ಅಲ್ಲಿ ಕಂಡ ಯಾವ ಪ್ರಶ್ನೆಯನ್ನು ವಿಭಾಗವು ತನ್ನ ಪಾಠಕ್ಕೆ, ಸಂಶೋಧನೆಗೆ ತಂದುಕೊಂಡಿತು ಎಂದೂ ನಾವು ಕೇಳಬೇಕು. ಅದಕ್ಕೆ ಉತ್ತರವಿಲ್ಲದ ಕಡೆ, ಉತ್ಸಾಹಿ ಅಧ್ಯಾಪಕರೊಬ್ಬರು ನಿವೃತ್ತರಾದ ಮರುದಿನವೇ ಸೇವೆಯೂ ನಿವೃತ್ತವಾಗುತ್ತದೆ.